ನಾಲ್ಕು ಸ್ವರದ ಸೊಸೆ

ನಮ್ಮ ಸೊಸೆ ಚೆಲ್ಲೋ ನುಡಿಸುತ್ತಾಳೆ. ಹಾಗಂದರೇನು ಎಂದು ಕೇಳಿದವರಿಗೆಲ್ಲ ನಮ್ಮ ಯಜಮಾನರು ಒಂದೇ ವಿವರಣೆ ಕೊಡುತ್ತಾರೆ: ಪಿಟೀಲಿಗೆ ಚಿಕ್ಕಂದಿನಿಂದ ರಾಗಿಮುದ್ದೆ ಹಾಕಿ ಸಾಕಿದರೆ ಅದು ಚೆಲ್ಲೋ ಆಗುತ್ತದೆ. ಶಿಡ್ಲಘಟ್ಟದ ನಮ್ಮ ಬೀದಿಗೆ ಇಷ್ಟು ವಿವರಣೆ ಸಾಕಾಗಿದೆ. ಕುರ್ಚಿಯ ಮೇಲೆ ಕೂತು, ಅದನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಕಮಾನನ್ನು ಅಡ್ಡಡ್ಡ ಎಳೆದು ನುಡಿಸಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹಾಗೆ ಕೂತದ್ದನ್ನು ನೋಡಿ ನನಗೆ ಮುಜುಗರವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ, ನಾನೂ ಒರಳುಕಲ್ಲಿನ ಆಚೆ ಈಚೆ ಕಾಲು ಚಾಚಿ ಕೂತು ಎಷ್ಟು ವರ್ಷ ಹಿಟ್ಟು ರುಬ್ಬಿದವಳಲ್ಲವೇ ಅನ್ನಿಸಿ ಸುಮ್ಮನಾದೆ.

ಅವಳು ಗೌರಿಬಿದನೂರಿನವಳು. ಓದಿದ್ದು, ಈಗ ಪಾಠ ಹೇಳುತ್ತಿರುವುದು, ಎರಡೂ ಮುದ್ದೇನಹಳ್ಳಿ ಕಡೆಯ ಒಂದು ವಸತಿ ಶಾಲೆಯಲ್ಲಿ. ಅಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸಂಗೀತವನ್ನೂ ಕಲಿಸುತ್ತಾರೆ; ನಮ್ಮ ಕಡೆಯ ಹುಡುಗಿಗೆ ಈ ವಾದ್ಯ ಗಂಟುಬಿದ್ದದ್ದು ಹಾಗೆ. ನನ್ನ ಮಗ ಚಿಂತಾಮಣಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಬೆಳಿಗ್ಗೆ ಒಬ್ಬರು ಮೂಡಲಿಗೆ, ಒಬ್ಬರು ಪಡುವಲಿಗೆ ಬಸ್ಸು ಹತ್ತಿದರೆಂದರೆ ಮನೆಯಲ್ಲಿ ಉಳಿಯುವುದು ನಾನು, ಅಂಚೆ ಕಚೇರಿಯಿಂದ ನಿವೃತ್ತರಾದ ನಮ್ಮ ಯಜಮಾನರು, ಮತ್ತು ಅವರ ಅಭಿಪ್ರಾಯಗಳು.

ಸಂಜೆ ದೀಪ ಹಚ್ಚಿದ ಮೇಲೆ ನನಗೊಂದು ಅಭ್ಯಾಸವಿದೆ. ಅವತ್ತಿನ ದಿನ ದೇವರು ಮಾಡಿದ ಉಪಕಾರಗಳನ್ನು ಅವನಿಗೇ ಒಪ್ಪಿಸುವುದು. ಕಷ್ಟ ಹೇಳಿಕೊಳ್ಳಲು ಅವನ ಮುಂದೆ ಊರೇ ಸಾಲು ನಿಂತಿರುತ್ತದೆ, ನಾನೂ ಹೋಗಿ ಆ ಸಾಲು ಉದ್ದ ಮಾಡುವುದು ಯಾಕೆ. ದೊಡ್ಡದೇನಲ್ಲ: ಗ್ಯಾಸು ಮುಗಿದದ್ದು ಸಾರಿಗೆ ಒಗ್ಗರಣೆ ಬಿದ್ದ ಮೇಲೆ, ಒಗೆದ ಬಟ್ಟೆ ಒಣಗಿದ ಮೇಲೆ ಮಳೆ ಬಂತು, ಯಜಮಾನರು ಇವತ್ತು ಉಪ್ಪು ಕಡಿಮೆ ಅನ್ನಲಿಲ್ಲ. ಸೊಸೆ ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗಲೇ ಕೇಳುತ್ತಾಳೆ, "ಇವತ್ತು ಎಷ್ಟಾಯ್ತು ಅತ್ತೆ?" ನಾನು ಬೆರಳು ತೋರಿಸುತ್ತೇನೆ. ಅವಳು ಬಂದದ್ದು ಸೇರಿಸಿ ಒಂದು ಬೆರಳು ಹೆಚ್ಚು.

ಶನಿವಾರ ಮಧ್ಯಾಹ್ನ ಆ ಶಾಲೆಯಲ್ಲಿ ಚೆಲ್ಲೋ ನುಡಿಸುವ ಆರು ಜನ ಸೇರುತ್ತಾರೆ. ಬೆಂಗಳೂರಿನಿಂದ ಒಬ್ಬ ಮೇಷ್ಟ್ರು ಬಂದು ತಿದ್ದುತ್ತಾರೆ. ಈ ಆರು ಜನರಲ್ಲಿ ನಮ್ಮವಳು ಯಾವತ್ತೂ ಆರನೆಯವಳು. ಮುಂದಿನ ಕುರ್ಚಿಯವರು ಚೆಂದಚೆಂದದ್ದೆಲ್ಲ ನುಡಿಸುವಾಗ ಹಿಂದಿನಿಂದ ಝೂಂ ಎಂದು ಆಧಾರ ಹಿಡಿಯುವ ಕೆಲಸ ಅವಳದು. ಐದು ವರ್ಷ ಅದನ್ನೇ ಮಾಡಿದಳು, ಗೊಣಗಲಿಲ್ಲ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರು ಅರ್ಧ ಗಂಟೆಯ ಒಂದು ಹೊಸ ಕೃತಿ ತಂದರು. ಅದರ ಮೊದಲ ನಾಲ್ಕು ನಿಮಿಷ ಒಬ್ಬರೇ ನುಡಿಸಬೇಕು. ಮಿಕ್ಕ ಐವರು ಆಮೇಲೆ ಒಬ್ಬೊಬ್ಬರಾಗಿ ಸೇರಿಕೊಳ್ಳಬೇಕು. ಆ ಶುರುವನ್ನು ನಮ್ಮ ಸೊಸೆಗೆ ಕೊಟ್ಟರು. ಅವತ್ತು ಅವಳು ಆ ಆಳೆತ್ತರದ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಿಂದ ಹೆಚ್ಚುಕಡಿಮೆ ಓಡಿಕೊಂಡೇ ಬಂದಳು.

ಶುರು ಹೇಗಿದೆ ಎಂದು ಕೇಳಿದ ಮೇಲೆ ನನಗೆ ಅನುಮಾನ ಬಂತು, ಇದನ್ನು ಮಿಕ್ಕವರು ಯಾರೂ ಬೇಡ ಅಂದಿರಬೇಕು ಅಂತ. ನಾಲ್ಕೇ ಸ್ವರ. ಅದೇ ನಾಲ್ಕು, ಮತ್ತೆ ಅದೇ ನಾಲ್ಕು, ಮತ್ತೆ ಅದೇ. ಮುಂದೆ ಏನೋ ಬರುತ್ತದೆ ಎಂದು ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಏನೂ ಬರಲಿಲ್ಲ.

ಇದಕ್ಕೆ ಮಿನಿಮಲಿಸ್ಟ್ ಸಂಗೀತ ಅಂತಾರೆ, ಸ್ವಲ್ಪದರಲ್ಲೇ ಎಲ್ಲಾ ಹೇಳಬೇಕು ಎಂದು ಅವಳು ವಿವರಿಸಿದಳು. ಯಜಮಾನರು ಪೇಪರು ಕೆಳಗಿಳಿಸಿದರು.

"ಹೇಳೋದು ಸ್ವಲ್ಪ ಅಂದ್ಮೇಲೆ ಸ್ವಲ್ಪ ಹೊತ್ತಲ್ಲೇ ಹೇಳಿ ಮುಗಿಸ್ಬೇಕಲ್ಲಮ್ಮ. ಅರ್ಧ ಗಂಟೆ ಯಾಕೆ?"

"ಅದೇ ಮಾವ ಕಷ್ಟ," ಅಂದಳು ಅವಳು.

ವಾರ ಕಳೆಯುವಷ್ಟರಲ್ಲಿ ನನಗೂ ಒಂದಿಷ್ಟು ತಿಳಿಯಿತು. ಅದೇ ನಾಲ್ಕು ಅಂದುಕೊಂಡದ್ದು ಪೂರ್ತಿ ಅದೇ ಅಲ್ಲ. ಹತ್ತು ಸುತ್ತು ಕಳೆದ ಮೇಲೆ ಮೂರನೆಯ ಸ್ವರ ಒಂದು ಎಳೆಯಷ್ಟು ತಡವಾಗಿ ಬರುತ್ತದೆ, ನಮ್ಮ ಹಾಲಿನವನು ಬಂದ ಹಾಗೆ. ಇನ್ನೊಂದು ಹತ್ತು ಸುತ್ತಿಗೆ ಆ ತಡವೇ ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಮೊದಲನೆಯದು ಸ್ವಲ್ಪ ಮೆಲ್ಲಗಾಗುತ್ತದೆ. ಗಮನವಿಟ್ಟು ಕಾಯ್ದರೆ ಗೊತ್ತಾಗುವುದಿಲ್ಲ. ಬೇಳೆ ಆರಿಸುತ್ತಾ ಕೂತಿದ್ದರೆ ಗೊತ್ತಾಗುತ್ತದೆ.

ಆದರೆ ಮೂರನೆಯ ಶನಿವಾರ ಅವಳು ಮುಖ ಸಣ್ಣ ಮಾಡಿಕೊಂಡು ಬಂದಳು. ಮೇಷ್ಟ್ರು ಹೇಳಿದರಂತೆ: ಸ್ವರ ಸರಿಯಿದೆ, ಕಾಲ ಸರಿಯಿದೆ, ಆದರೆ ಹಾಜರಿ ಕೂಗಿದ ಹಾಗಿದೆ, ಭಾವ ಎಲ್ಲಿ. ಮುಂದಿನ ತಿಂಗಳು ಶಾಲೆಯ ಹಾಲಿನಲ್ಲಿ ತಂದೆತಾಯಂದಿರು, ಊರವರ ಮುಂದೆ ಒಂದು ಸಲ ನುಡಿಸುವುದಿತ್ತು. ಅದಾದ ಮೇಲೆ ಬೆಂಗಳೂರಿನ ದೊಡ್ಡ ಸಭಾಂಗಣ. ಶಾಲೆಯಲ್ಲಿ ಕೇಳಿ ನೋಡುತ್ತೇನೆ, ಹೀಗೇ ಇದ್ದರೆ ಬೆಂಗಳೂರಿನಲ್ಲಿ ಶುರುವನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿದ್ದರು.

ಆವತ್ತು ಅವಳು ಅರ್ಧ ಮುದ್ದೆ ಬಿಟ್ಟಳು. ಹಿಂದಿನ ಕುರ್ಚಿಗೆ ಹೋದರೇನಂತೆ, ಐದು ವರ್ಷ ಕೂತ ಜಾಗ ತಾನೇ ಎಂದು ನಾನು ಸಮಾಧಾನ ಹೇಳಲು ಹೋದೆ.

"ಕುರ್ಚಿ ಹೋದ್ರೆ ಹೋಗ್ಲಿ ಅತ್ತೆ," ಅಂದಳು. "ನನ್ನೊಳಗೆ ಭಾವಾನೇ ಇಲ್ಲ ಅಂದ್ಬಿಟ್ರಲ್ಲ."

ಉತ್ತರವಿಲ್ಲದಾಗ ಸುಮ್ಮನಿರುವ ಸ್ವಭಾವ ನನ್ನದಲ್ಲ. ಭಾವಕ್ಕೇನು ನಮ್ಮ ಮನೆಯಲ್ಲಿ ಬರ, ನಾನು ಕೊಡುತ್ತೇನೆ ಅಂದೆ.

ಮೊದಲು, ತವರು ಬಿಟ್ಟು ಬಂದ ದಿನ ನೆನೆಸಿಕೊಂಡು ನುಡಿಸು ಎಂದೆ. ವಿಧೇಯಳಾಗಿ ನೆನೆಸಿಕೊಂಡಳು. ಕಮಾನು ನಡುಗಿತು, ಸ್ವರಗಳು ಮೂಗು ಸೀಟಿಕೊಂಡವು. ಯಜಮಾನರು ಜಗಲಿಯಿಂದ ಎದ್ದು ಬಂದು ಯಾರಿಗೆ ಏನಾಯಿತು ಎಂದು ಕೇಳಿದರು. ಎರಡನೆಯ ದಿನ ಭಕ್ತಿಯಿಂದ ನುಡಿಸಲು ಹೇಳಿದೆ. ಕಣ್ಣು ಮುಚ್ಚಿಕೊಂಡು ನುಡಿಸಿದಳು; ಭಕ್ತಿ ಏರಿದಷ್ಟೂ ನಿಧಾನವಾಗುತ್ತಾ ಹೋಗಿ ನಾಲ್ಕು ನಿಮಿಷದ್ದು ಏಳು ನಿಮಿಷವಾಯಿತು. ಸಿಗ್ನಲ್ ಸಿಗದ ಕೋಲಾರದ ರೈಲು ಇದ್ದ ಹಾಗಿದೆ ಎಂದು ಜಗಲಿಯಿಂದ ಯಜಮಾನರ ತೀರ್ಪು ಬಂತು. ಮೂರನೆಯ ದಿನ ನನಗೂ ಹಟ ಬಂದಿತ್ತು. ನಾನು ನಿನ್ನನ್ನು ಅನ್ಯಾಯವಾಗಿ ಬೈದದ್ದನ್ನು ನೆನೆಸಿಕೊಂಡು ನುಡಿಸು, ಸಿಟ್ಟಾದರೂ ಒಂದು ಭಾವ ತಾನೇ ಎಂದೆ.

ಅವಳು ಕಮಾನು ಎತ್ತಿಕೊಂಡು ಮುಗ್ಧವಾಗಿ ಕೇಳಿದಳು, "ಯಾವ ಸಲದ್ದು ಅತ್ತೆ?"

ಆ ದಿನ ಬಹಳ ಚೆನ್ನಾಗಿ ಕೂಡಿ ಬಂತು, ಉತ್ಸಾಹದಿಂದ ನುಡಿಸಿದಳು. ತಂತಿ ಕಿತ್ತುಹೋಗಲಿಲ್ಲ ಎಂಬುದನ್ನು ಸಂಜೆ ದೇವರಿಗೆ ಒಪ್ಪಿಸಿದೆ. ಆದರೆ ಅದು ಸಂಗೀತವಲ್ಲ, ನನಗೆ ಸಂದ ಉತ್ತರ ಎಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಒಂದು ರಜೆಯ ದಿನ ಬೆಳಿಗ್ಗೆ ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿದುಕುತ್ತಾ ಕೂತಿದ್ದೆ. ಹಿದುಕುವುದೆಂದರೆ ಕಾಳನ್ನು ಎರಡು ಬೆರಳಿನಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸುವುದು. ಒಂದು ಸಾರಿಗೆ ಸಾವಿರ ಸಲ ಮಾಡಬೇಕು. ಸೊಸೆ ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದುಕೊಂಡು ನುಡಿಸುತ್ತಿದ್ದಳು. ಸೋತುಹೋಗಿದ್ದಳು ಎಂದು ಕಾಣುತ್ತದೆ. ಅಳುವೂ ಇಲ್ಲ, ಭಕ್ತಿಯೂ ಇಲ್ಲ, ಬೆರಳು ಮರೆಯದಿರಲಿ ಎಂದು ಸುಮ್ಮನೆ ಎಳೆಯುತ್ತಿದ್ದಳು. ನನ್ನ ಕೈ ಅದರ ಜೊತೆಗೇ ಹೋಗುತ್ತಿತ್ತು. ಎಷ್ಟು ಹೊತ್ತಾಯಿತೋ, ಪಾತ್ರೆ ನೋಡಿದರೆ ಅರ್ಧ ತುಂಬಿದೆ. ಆಗ ನನ್ನ ಬಾಯಿಂದ ಬಂತು:

"ಇದು ಹುಳ ಸೊಪ್ಪು ತಿನ್ನೋ ಥರಾನೇ ಇದೆ ಕಣಮ್ಮ."

ಕಮಾನು ನಿಂತಿತು.

ನಾನು ಮೇಲೂರಿನವಳು. ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು, ಈಗಲೂ ತಮ್ಮ ಸಾಕುತ್ತಾನೆ. ಆಗ ಹುಳುವಿಗೆ ಬೇರೆ ಮನೆ ಇರಲಿಲ್ಲ. ನಡುಮನೆ ಹುಳುವಿಗೆ, ಅಡುಗೆಮನೆ ನಮಗೆ. ಹುಳು ದೊಡ್ಡದಾಗುವ ಮುಂಚೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ, ಪೊರೆ ಕಳಚಲು. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅವು ತಿನ್ನಲು ಶುರುಮಾಡಿದರೆ ಮನೆಯೆಲ್ಲಾ ಅದೇ ಸದ್ದು. ಹಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ, ನಿಲ್ಲುವುದೇ ಇಲ್ಲ. ನಮ್ಮಮ್ಮ ಆ ಸದ್ದಿನೊಳಗೇ ಅಡುಗೆ ಮಾಡುತ್ತಿದ್ದಳು, ನಮ್ಮ ತಲೆ ಬಾಚುತ್ತಿದ್ದಳು, ಅಪ್ಪನ ಜೊತೆ ಜಗಳವಾಡುತ್ತಿದ್ದಳು. ಸದ್ದು ಒಂದು ಚೂರು ತೆಳುವಾದರೆ ಜಗಳವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಸೊಪ್ಪು ಹಾಕುತ್ತಿದ್ದಳು.

ಇಷ್ಟನ್ನೂ ನಾನು ಹೇಳಬಹುದಿತ್ತು. ಆದರೆ ಮೊದಲು ಹುಳ ಎಂದು ಹೇಳಿ, ಆಮೇಲೆ ವಿವರ ಹೇಳೋಣವೆಂದರೆ ಕೇಳುವವರು ಇರಲಿಲ್ಲ. ಅವಳು ಚೆಲ್ಲೋವನ್ನು ಪೆಟ್ಟಿಗೆಯಲ್ಲಿಟ್ಟು ಬಟ್ಟೆ ಒಗೆಯಲು ಹೋದಳು. ಆ ದಿನ ಪೂರ್ತಿ "ಹ್ಞೂ", "ಊಹೂಂ" ಬಿಟ್ಟು ಮಾತಿಲ್ಲ. ಸಾರು ಚೆನ್ನಾಗಿದೆ ಎಂದು ಸಹ ಹೇಳಲಿಲ್ಲ. ಹಿದುಕಿದ ಬೇಳೆ ಸಾರಿಗೆ ಹಾಗೆ ಮಾಡುವುದು ಪಾಪ. ಭಾವವಿಲ್ಲ ಅಂದ ಮೇಷ್ಟ್ರೇ ವಾಸಿ, ಹುಳು ಅಂದ ಅತ್ತೆ ಇಡೀ ಜಿಲ್ಲೆಗೆ ನೀನೊಬ್ಬಳೇ ಎಂದು ಯಜಮಾನರು ನನ್ನನ್ನು ಹೊಗಳಿದರು.

ಮಾರನೆಯ ದಿನ ಕಾಫಿ ಲೋಟ ಹಿಡಿದುಕೊಂಡು ಅವಳಾಗಿಯೇ ಅಡುಗೆಮನೆಗೆ ಬಂದಳು. ನಾನು ಅಷ್ಟು ಹೊತ್ತೂ ಒಳಗೊಳಗೇ ತಯಾರಿಟ್ಟುಕೊಂಡಿದ್ದ ವಿವರವನ್ನೆಲ್ಲ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆ ಸದ್ದು ಕೇಳ್ತಿದ್ರೆ ನಿಮ್ಮಮ್ಮಂಗೆ ಏನನ್ನಿಸ್ತಿತ್ತು ಅತ್ತೆ?"

"ಏನನ್ನಿಸೋದು? ಎಲ್ಲಾ ಉಣ್ತಾ ಇದಾವೆ ಅಂತ ಗೊತ್ತಿರೋದು. ಅಷ್ಟೇ ಕಣಮ್ಮ."

ಅವಳು ಲೋಟ ತೊಳೆದಿಟ್ಟಳು. ಆಮೇಲೆ, ನನಗೆ ಅದನ್ನು ಕೇಳಬೇಕು ಅಂದಳು.

ನಮ್ಮ ಪುಣ್ಯಕ್ಕೆ ತಮ್ಮನ ಮನೆಯಲ್ಲಿ ಹುಳು ಆಗತಾನೇ ನಾಲ್ಕನೆಯ ಜ್ವರ ಎದ್ದಿತ್ತು. ಭಾನುವಾರ ಹೊರಟೆವು. ತವರಿಗೆ ಹೋಗುವುದೆಂದರೆ ಹಾಗೇ ಹೋಗಲಾಗುತ್ತದೆಯೇ. ಪೂಜೆ ಮುಗಿಸಿ, ಧೂಪಕ್ಕೂ ಕರ್ಪೂರಕ್ಕೂ ಸೀರೆ ಒಡ್ಡಿಕೊಂಡು, ತಲೆಗೆ ಒಂದು ಮೊಳ ಮಲ್ಲಿಗೆ ಮುಡಿದು, ಸೊಸೆಗೂ ಮುಡಿಸಿ, ಅವಳಿಗೆ ನಾನು ಬೆಳೆದ ಲೋಕ ತೋರಿಸುವ ಸಡಗರದಲ್ಲಿ ಮೇಲೂರಿನಲ್ಲಿ ಬಸ್ಸಿಳಿದೆ. ಈಗ ತಮ್ಮ ಹಿತ್ತಲಿನಲ್ಲಿ ಬೇರೆಯೇ ಹುಳು ಮನೆ ಕಟ್ಟಿಸಿದ್ದಾನೆ. ಅವನ ಹೆಂಡತಿ ಚಿಂತಾಮಣಿ ಕಡೆಯವಳು, ಮನೆಮಾತು ತೆಲುಗು, ಹುಳು ವಿಷಯಕ್ಕೆ ಬಂದರೆ ಗಂಡನ ಮಾತೂ ನಡೆಯುವುದಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನು ಒಮ್ಮೆ ಮೂಸಿದಳು.

"ವದಿನಾ, ನುವ್ವು ಲೋಪಲಿಕಿ ರಾವದ್ದು, ಒಳಗೆ ಬರ್ಬೇಡ," ಅಂದಳು. "ಅಗರಬತ್ತಿ ಅಂಗಡೀನೇ ಹೊತ್ಕೊಂಡು ಬಂದಿದೀಯ. ನನ್ನ ಹುಳ ಸಾಯ್ತಾವೆ."

ಗಾಟು ವಾಸನೆ ಹುಳುವಿಗೆ ಆಗುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ. ಆ ಸದ್ದಿನಲ್ಲೇ ಬೆಳೆದವಳು, ಸಡಗರದಲ್ಲಿ ಮರೆತಿದ್ದೆ. ದೇವರ ಪರಿಮಳ ಕಣೇ ಎಂದು ವಾದ ಮಾಡಿ ನೋಡಿದೆ. ದೇವರಿಗೂ ಒಳಗೆ ಪ್ರವೇಶವಿಲ್ಲ ಎಂದಳು. ಸೊಸೆಯ ಮಲ್ಲಿಗೆ ತೆಗೆಸಿದಳು, ಕೈಕಾಲು ತೊಳೆಸಿದಳು, ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿಸಿದಳು, ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ತೋರಿಸಲು ಬಂದ ನಾನು ಹೊಂಗೆಮರದ ಕೆಳಗೆ ಚಪ್ಪಲಿ ಕಾಯುತ್ತಾ ಕೂತೆ.

ಒಂದೂವರೆ ಗಂಟೆ. ನನಗೆ ಒಳಗಿನದು ಏನೂ ಕೇಳಿಸಲಿಲ್ಲ. ತಮ್ಮನ ಹೆಂಡತಿ ಎರಡು ಸಲ ಹೊರಗೆ ಬಂದು, ನಿನ್ನ ಸೊಸೆ ಮೂಲೆಯಲ್ಲಿ ಮಣೆ ಹಾಕಿಕೊಂಡು ಸುಮ್ಮನೆ ಕೂತಿದ್ದಾಳೆ, ಹುಷಾರಾಗಿದ್ದಾಳೆ ತಾನೇ ಎಂದು ವಿಚಾರಿಸಿದಳು. ಹೊರಗೆ ಬಂದ ಮೇಲೆ ಹೇಗಿತ್ತು ಎಂದರೆ ಸೊಸೆ, "ಸೊಪ್ಪು ಹಾಕಕ್ಕೆ ನಂಗೂ ಕೊಟ್ರು," ಅಂದಳು. ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದೆಯಾ ಎಂದರೆ ಇಲ್ಲ ಅಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತವಳು ಶಿಡ್ಲಘಟ್ಟ ಬರುವವರೆಗೆ ಬಾಯಿ ಬಿಡಲಿಲ್ಲ. ನಾನು ಕೆಣಕಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ತ್ಯಾಗ.

ಆಮೇಲಿನ ಎರಡು ವಾರ ಅವಳು ಕಣ್ಣು ಮುಚ್ಚಿ ನುಡಿಸಿದ್ದನ್ನು ನೋಡಲಿಲ್ಲ. ಕಿಟಕಿಯಾಚೆ ಬೀದಿ ನೋಡುತ್ತಾ ನುಡಿಸುತ್ತಿದ್ದಳು. ಏನು ಬದಲಾಯಿತು ಎಂದರೆ ಹೇಳಲು ಬರುವುದಿಲ್ಲ. ಒಂದು ದಿನ ಅವಳು ನಿಲ್ಲಿಸಿದ ಮೇಲೆ, ಅಯ್ಯೋ, ಇಷ್ಟು ಹೊತ್ತು ನುಡಿಸುತ್ತಿದ್ದಳಲ್ಲ ಎಂದು ಹೊಳೆಯಿತು, ಅಷ್ಟೇ. ಯಜಮಾನರು ಟೀಕೆ ಮಾಡುವುದು ಬಿಟ್ಟು ಪೇಪರು ಮುಖದ ಮೇಲೆ ಹಾಕಿಕೊಂಡು ನಿದ್ದೆ ಮಾಡತೊಡಗಿದರು. ಇದನ್ನು ಹೊಗಳಿಕೆಗೆ ಸೇರಿಸುವುದೋ ಬೇಡವೋ ಎಂದು ನಾವಿಬ್ಬರೂ ಚರ್ಚೆ ಮಾಡಿದೆವು.

ಅವಳಿಗೆ ಈಗ ಉಳಿದಿದ್ದ ಹೆದರಿಕೆ ಒಂದೇ. ಕೃತಿಯ ನಡುವೆ, ಆರೂ ಜನ ಸೇರಿ ತುಂಬಿ ನುಡಿಸುತ್ತಿರುವಾಗ, ಎಲ್ಲರೂ ಥಟ್ಟನೆ ನಿಲ್ಲಿಸಬೇಕು. ನಿಧಾನವಾಗಿ ಎಂಟು ಎಣಿಸುವಷ್ಟು ಹೊತ್ತು ಮೌನ. ಆ ಮೌನದಿಂದ ಮತ್ತೆ ಅವಳೊಬ್ಬಳೇ ಎದ್ದು ಬರಬೇಕು. ಅಲ್ಲಿ ಕೈ ತಣ್ಣಗಾಗುತ್ತದೆ ಅತ್ತೆ, ಮೇಷ್ಟ್ರು ಕೂಡ ಅದನ್ನೇ ಕಾಯುತ್ತಿರುತ್ತಾರೆ ಅಂದಳು. ಜ್ವರಕ್ಕೆ ಕೂತಿವೆ ಅಂದುಕೋ, ತಾವಾಗೇ ಏಳುತ್ತವೆ ಎಂದೆ. ಈ ಸಲ ಅವಳು ಕೋಪಿಸಿಕೊಳ್ಳಲಿಲ್ಲ.

ಶಾಲೆಯ ಕಾರ್ಯಕ್ರಮದ ದಿನ ನಾನೊಬ್ಬಳೇ ಹೋಗಿದ್ದರೆ ಆಗುತ್ತಿತ್ತು. ಆದರೆ ಶುಕ್ರವಾರದ ನಮ್ಮ ಭಜನೆ ಗುಂಪಿನಲ್ಲಿ ಎಂಟು ಜನ ಇದ್ದೇವೆ. ಒಬ್ಬಳ ಸೊಸೆ ವೇದಿಕೆ ಹತ್ತುತ್ತಾಳೆ ಎಂದ ಮೇಲೆ ಏಳು ಜನರನ್ನು ಬಿಟ್ಟು ಹೋಗುವ ಹಾಗಿಲ್ಲ. ಒಂದು ವ್ಯಾನು ಮಾಡಿಕೊಂಡು ಚಿಕ್ಕಬಳ್ಳಾಪುರದ ಮೇಲೆ ಹೊರಟೆವು, ಯಜಮಾನರು ಡ್ರೈವರ್ ಪಕ್ಕದಲ್ಲಿ, ನಮ್ಮ ಕಡೆ ತಿರುಗದೆ. ದಾರಿಯುದ್ದಕ್ಕೂ ನಾನು ಶಿಸ್ತು ಹೇಳಿದೆ. ಬೇರೆಯವರು ತಟ್ಟುವ ತನಕ ಚಪ್ಪಾಳೆ ತಟ್ಟಬಾರದು. ಎಲೆಅಡಿಕೆ ತೆಗೆಯಬಾರದು. ಸೀರೆ ಎಲ್ಲಿ ತಗೊಂಡೆ ಎಂದು ಯಾರನ್ನೂ ಕೇಳಬಾರದು. ಎಲ್ಲರೂ ಒಪ್ಪಿದರು.

ಎರಡನೆಯ ಸಾಲಿನಲ್ಲಿ ಕೂತೆವು. ಆರು ಕುರ್ಚಿ, ಆರು ಚೆಲ್ಲೋ. ಮೇಷ್ಟ್ರು ವೇದಿಕೆ ಹತ್ತಲಿಲ್ಲ, ಪಕ್ಕದ ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಸೊಸೆ ಶುರು ಮಾಡಿದಳು. ನಾಲ್ಕು ಸ್ವರ. ಮತ್ತೆ ನಾಲ್ಕು. ಎರಡು ನಿಮಿಷವಾದ ಮೇಲೆ ನನ್ನ ಪಕ್ಕದಾಕೆ ಕಿವಿಯ ಹತ್ತಿರ ಬಂದು, ಇನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಾಳಾ ಎಂದು ಕೇಳಿದಳು. ತೊಡೆ ಚಿವುಟಿದೆ. ಎರಡನೆಯ ಚೆಲ್ಲೋ ಸೇರಿತು, ಮೂರನೆಯದು ಯಾವಾಗ ಸೇರಿತೋ ಗೊತ್ತಾಗಲಿಲ್ಲ. ಆರೂ ಆಗುವ ಹೊತ್ತಿಗೆ ಸದ್ದು ಕಿವಿಗಿಂತ ಹೆಚ್ಚಾಗಿ ಅಂಗಾಲಿಗೆ ಬರುತ್ತಿತ್ತು, ನೆಲವೇ ಗುಂಯ್‌ಗುಡುತ್ತಿತ್ತು. ಪಕ್ಕದಾಕೆ ಪಿಸುಗುಡುವುದನ್ನು ನಿಲ್ಲಿಸಿದ್ದಳು. ನನಗೆ ದುಃಖವಾಗಲಿಲ್ಲ, ಖುಷಿ ಎಂದೂ ಹೇಳಲಾರೆ. ಅಮ್ಮ ಒಲೆಯ ಮುಂದೆ ಕೂತಿದ್ದಾಳೆ, ಯಾರಿಗೂ ಕಾಯಿಲೆಯಿಲ್ಲ, ಯಾರೂ ಎಲ್ಲಿಗೂ ಹೋಗಿಲ್ಲ, ಎಲ್ಲರೂ ಉಣ್ಣುತ್ತಿದ್ದಾರೆ, ಹಾಗೆ. ಕೇಳುತ್ತಾ ಕೇಳುತ್ತಾ ನನ್ನ ನಾಲಿಗೆ ಒಳಗೊಳಗೇ ನಾಮ ಹೇಳಲು ಶುರುಮಾಡಿತು. ನಾಲ್ಕು ಸ್ವರಕ್ಕೆ ನಾಲ್ಕಕ್ಷರ ಸರಿಯಾಗಿ ಕೂತಿತು.

ಥಟ್ಟನೆ ಎಲ್ಲ ನಿಂತಿತು.

ಈಗ ಒಂದು ವಿಷಯ ಹೇಳಬೇಕು. ನಮ್ಮ ಭಜನೆಯಲ್ಲಿ ಕೊನೆಯ ಹಾಡು ನಿಂತ ಕೂಡಲೇ ಒಬ್ಬರು ರಾಗವಾಗಿ "ಗೋವಿಂದಾ" ಎಂದು ಎಳೆಯಬೇಕು. ಮಿಕ್ಕವರು ಒಟ್ಟಿಗೆ "ಗೋವಿಂದ" ಎನ್ನಬೇಕು. ಎಳೆಯುವ ಆ ಒಬ್ಬಳು ಇಪ್ಪತ್ತು ವರ್ಷದಿಂದ ನಾನೇ. ನನ್ನ ಗಂಟಲು ದೊಡ್ಡದು ಎಂದು ಗುಂಪಿನವರು ಕೊಟ್ಟ ಪದವಿ. ಆ ಮೌನ ನನಗೆ ಗೊತ್ತಿತ್ತು, ಎಂಟು ಎಣಿಕೆ ಎಂದು ಗೊತ್ತಿತ್ತು. ನನ್ನ ಬಾಯಿಗೆ ಗೊತ್ತಿರಲಿಲ್ಲ.

"ಗೋವಿಂದಾ..."

ಅಕ್ಕಪಕ್ಕದ ಏಳು ಗಂಟಲೂ ಒಂದೂ ಹಿಂದೆ ಬೀಳದೆ, "ಗೋವಿಂದ."

ಹಿಂದಿನ ಸಾಲುಗಳಲ್ಲಿ ಮಕ್ಕಳು ಕಿಸಕ್ಕೆಂದರು. ಯಾರೋ ಹಿರಿಯರು ಅಭ್ಯಾಸಬಲದಿಂದ ಇನ್ನೊಂದು ಗೋವಿಂದ ಸೇರಿಸಿದರು. ನನಗೆ ತಲೆ ಎತ್ತಲು ಆಗಲಿಲ್ಲ. ಐದು ವರ್ಷ ಹಿಂದೆ ಕೂತವಳು, ಒಂದು ಸಲ ಮುಂದೆ ಬಂದಳು, ಅವಳ ಅನ್ನವನ್ನು ನಾನೇ ಚೆಲ್ಲಿದೆನಲ್ಲ ಅನ್ನಿಸಿತು. ಕಡೆಗೆ ಕಣ್ಣು ಮಾತ್ರ ಎತ್ತಿ ನೋಡಿದೆ. ಸೊಸೆ ತಲೆ ತಗ್ಗಿಸಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ.

ಆಮೇಲೆ ಆ ನಾಲ್ಕು ಸ್ವರ ಬಂತು. ಅವಸರವಿಲ್ಲ, ನಡುಕವಿಲ್ಲ, ಏನೂ ಆಗೇ ಇಲ್ಲವೇನೋ ಎಂಬಂತೆ. ತಟ್ಟೆಯ ಮುಂದೆ ಕೂತವರಿಗೆ ಇನ್ನೊಂದು ಸೌಟು ಬಡಿಸಿದ ಹಾಗೆ. ನಗುತ್ತಿದ್ದ ಮಕ್ಕಳು ಹೇಗೆ ಸುಮ್ಮನಾದರೋ ತಿಳಿಯದು. ಅರ್ಧ ಗಂಟೆಯ ಕೃತಿಯಲ್ಲಿ ಉಳಿದದ್ದನ್ನೆಲ್ಲ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೇಳಿದೆ.

ಮುಗಿದ ಕೂಡಲೇ ಎಲ್ಲರಿಗಿಂತ ಮುಂಚೆ ಹೊರಗೆ ಬಂದು, ಚಪ್ಪಲಿ ಬಿಡುವ ಕಡೆ ಒಂದು ಕಂಬದ ಹಿಂದೆ ನಿಂತೆ. ಮೇಷ್ಟ್ರು ಹುಡುಕಿಕೊಂಡೇ ಬಂದರು. ಗೋವಿಂದ ಅಂದವರು ಯಾರು ಎಂದು ಕೇಳಿದರು. ಏಳು ಬೆರಳು ಏಕಕಾಲಕ್ಕೆ ಕಂಬದ ಕಡೆ ತೋರಿಸಿದವು. ಭಜನೆ ಮಾಡುವಾಗ ಗುಂಪು, ಸಿಕ್ಕಿಬಿದ್ದಾಗ ಒಬ್ಬಳು.

"ಆ ಮೌನ ಎಂಟು ಎಣಿಕೆ ಅಮ್ಮ," ಅಂದರು ಮೇಷ್ಟ್ರು. "ನೀವು ಮೂರಕ್ಕೇ ತೆಗೆದ್ರಿ."

"ತಪ್ಪಾಯ್ತು ಸ್ವಾಮಿ. ನಂದು ತಪ್ಪು, ಅವಳ್ದೇನಿಲ್ಲ. ನನ್ನನ್ನ ಬೈರಿ. ಅವಳ ಜಾಗ ಮಾತ್ರ ತೆಗೀಬೇಡ್ರಿ."

ಕೃತಿ ಮುಗಿಯಿತು ಅಂದುಕೊಂಡಿರಾ ಎಂದು ಅವರು ಕೇಳಿದರು.

"ಇಲ್ಲ. ಮುಗಿದಿಲ್ಲ ಅಂತ ಗೊತ್ತಿತ್ತು. ಹೊಟ್ಟೆ ತುಂಬಿದ ಹಾಗಾಗಿತ್ತು, ಬಾಯಿಗೆ ತಾನಾಗೇ ಬಂತು."

ಅಷ್ಟರಲ್ಲಿ ಸೊಸೆ ಪೆಟ್ಟಿಗೆ ಹೊತ್ತುಕೊಂಡು ನನ್ನ ಹಿಂದೆ ಬಂದು ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಅವರು ಅವಳಿಗೆ ಒಂದು ಕಡೆ ಸ್ವಲ್ಪ ಓಡಿದಿರಿ, ಅದನ್ನು ತಿದ್ದಿಕೊಳ್ಳಿ ಎಂದರು. ಆಮೇಲೆ ಹೊರಡಲು ತಿರುಗಿದವರು ನಿಂತರು.

"ಬೆಂಗಳೂರಲ್ಲೂ ನೀವೇ ಶುರು ಮಾಡಿ. ಇವರನ್ನ ಕೊನೇ ಸಾಲಲ್ಲಿ ಕೂರಿಸಿ."

ನಗಲಿಲ್ಲ. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ತಿಳಿಯದು. ಬೆಂಗಳೂರಿನಲ್ಲಿ ಕೊನೆಯ ಸಾಲಿನಲ್ಲೇ ಕೂತೆ, ಯಾಕೆ ಬೇಕು.

ವಾಪಸು ಬರುವಾಗ ವ್ಯಾನಿನಲ್ಲಿ ಗುಂಪಿನವರು ಸಂಗೀತ ವಿಮರ್ಶೆಯಲ್ಲಿ ತೊಡಗಿದ್ದರು. ಒಬ್ಬಳಿಗೆ ದೇವಸ್ಥಾನದಲ್ಲಿ ಕೂತ ಹಾಗಾಯಿತಂತೆ, ಇನ್ನೊಬ್ಬಳಿಗೆ ಮಗುವಿಗೆ ತೊಟ್ಟಿಲು ತೂಗಿದ ಹಾಗೆ, ಮೂರನೆಯವಳು ಸತ್ತುಹೋದ ತಂಗಿಯನ್ನು ನೆನೆದು ಕಣ್ಣೊರೆಸಿಕೊಂಡಳಂತೆ. ನಾಲ್ಕು ಸ್ವರದೊಳಗೆ ಅಷ್ಟು ಜನ ಹೇಗೆ ಹಿಡಿಸಿದರೋ. ಸೊಸೆ ನನ್ನ ಪಕ್ಕದಲ್ಲಿ, ಪೆಟ್ಟಿಗೆ ನಮ್ಮಿಬ್ಬರ ಮಡಿಲಿನ ಮೇಲೆ ಅಡ್ಡ. ಅಳಿಸಿಬಿಟ್ಟೆನಲ್ಲಮ್ಮ ಎಂದೆ. ಅಳಲಿಲ್ಲ ಅತ್ತೆ, ನಗು ತಡೆಯೋಕಾಗದೆ ನೀರು ಬಂತು ಅಂದಳು. ಸರಿ, ಆ ಮೌನ ಮುರಿದ ಮೇಲೆ ಯಾವ ಭಾವ ಇಟ್ಟುಕೊಂಡು ಶುರುಮಾಡಿದೆ, ಇನ್ನಾದರೂ ಹೇಳು ಎಂದು ಕೇಳಿದೆ.

"ಭಾವ ಗೀವ ಏನಿಲ್ಲ ಅತ್ತೆ. ನಿಮ್ಮನ್ನ ನೋಡ್ದೆ. ಅವಮಾನ ಆಯ್ತು ಅಂತ ಮನೆಗೆ ಹೋಗಿ ಊಟ ಬಿಟ್ಬಿಡ್ತೀರ ಅನ್ನಿಸ್ತು. ಹಿಟ್ಟಿದೆಯಲ್ಲ, ಬಿಸಿಯಾಗಿ ದೋಸೆ ಹಾಕ್ಕೊಟ್ರೆ ತಿಂತೀರ ಅಂದ್ಕೊಂಡೆ. ಅಷ್ಟೊತ್ತಿಗೆ ಎಂಟು ಎಣಿಕೆ ಆಗಿತ್ತು, ಕೈ ತಾನೇ ಹೋಯ್ತು."

ಕಿಟಕಿಯಾಚೆ ದ್ರಾಕ್ಷಿ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ನಾನು ಅವುಗಳನ್ನೇ ನೋಡಿದೆ. ನಿನ್ನ ಬೆರಳು ನೋಯುತ್ತಿರುತ್ತದೆ, ದೋಸೆ ನಾನೇ ಹಾಕುತ್ತೇನೆ ಎಂದೆ.

"ಬೇಡ ಬಿಡಿ," ಅಂದಳು. "ನೀವು ಹಾಕಿದ್ರೆ ದಪ್ಪ ಆಗುತ್ತೆ."